ಎಂಜಿನ್ನಿಗೆ ವಿಭೂತಿ ಉಣಿಸಿದ ಅಕ್ಕನಿಗೆ

ಪ್ರೀತಿಯ ಅಕ್ಕನಿಗೆ ಸಾಲಿಮಾಸ್ತರ ತಮ್ಮನ ಶರಣು.

ಔರಾದಿನ ಶಾಲೆಯಿಂದ ರಜೆಗೆ ಭಾಲ್ಕಿಗೆ ಬಂದಾಗಲೆಲ್ಲ ನಾನು ನಿನ್ನ ಒಲೆಯ ಮುಂದೆ ಕುಳಿತು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನೀನು ಒಂದು ರೊಟ್ಟಿ ಬಡಿದು ಮುಗಿಸುತ್ತಿದ್ದೆ. "ನೀ ಮಾತಿನ ಪಂಗತಿ ಕೂಡಿಸಿ ಬಡಿಸ್ತಿ ನೋಡು. ಕಡೀ ಮಾತು ಬರೂದ್ರಾಗ ಮೊದಲನೇದ್ದು ಉಂಡು ಕೈ ತೊಳದಿರ್ತದ" ಎಂದು ಹಂಗಿಸುತ್ತಿದ್ದೆ. ವೃತ್ತಿಯಿಂದ ನಿವೃತ್ತನಾಗಿದ್ದೇನೆ, ಅಕ್ಕ. ಆ ಅಭ್ಯಾಸದಿಂದ ಆಗಿಲ್ಲ. ಇಂದು ನಿನಗೆ ಹೇಳಬೇಕಾದ ಸುದ್ದಿಯನ್ನೂ ಕ್ರಮವಾಗಿಯೇ ಹೇಳುವೆನು. ಅವಸರಪಡಿಸಬೇಡ.

ಆ ವರ್ಷ ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡಿದ ಖಂಡೆ ಪೂಜೆ ನೆನಪಿದೆಯೆ? ನಿನಗೆ ನೆನಪಿರದೆ ಇನ್ನಾರಿಗೆ ಇದ್ದೀತು! ಭಾವನವರು ಬದುಕಿರುವತನಕ ಭಾಲ್ಕಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಎಂಜಿನ್ ನಡೆಸಿದವರು. ಅವರ ತರುವಾಯ, ಎಂಜಿನ್ನಿಗೆ ಮೊದಲ ವಿಭೂತಿ ಹಚ್ಚುವ ಮರ್ಯಾದೆಯನ್ನು ಜಿನ್ನಿನ ಒಡೆಯರಾದ ಸಾಹುಕಾರರು ನಿನಗೆ ಕೊಟ್ಟಿದ್ದರು. ನಿನ್ನ ಮೊಮ್ಮಗ ಶಿವರಾಜ ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜಿನಿಂದ ದಸರೆಯ ರಜೆಗೆ ಬಂದಿದ್ದ. ಪ್ಲೇಗಿನಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಕೂಸನ್ನು ಎದೆಗವಚಿ ಬೆಳೆಸಿದವಳು ನೀನು. ಅವನೆದುರಿಗೆ ಪೂಜೆ ಇನ್ನಷ್ಟು ಚೆನ್ನಾಗಿ ಆಗಬೇಕೆಂದು ನಿನಗೆ ಅನಿಸಿದ್ದು ಸಹಜ. ಎಂಜಿನ್ನಿನ ಮೈಗೆಲ್ಲ ಮೂರು ಬೆರಳು ವಿಭೂತಿ ಎಳೆದೆ. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಅಚ್ಚಿನ ಮೇಲಿದ್ದ ಎಣ್ಣೆಯ ಹಿತ್ತಾಳೆ ಬಟ್ಟಲಿನ ಮುಚ್ಚಳ ತೆರೆದು, ನೀರಿನಲ್ಲಿ ಕಲಸಿದ ವಿಭೂತಿಯನ್ನು ಅದರ ತುಂಬ ತುಂಬಿಬಿಟ್ಟೆ.

ಬನ್ನಿ ಮುಡಿದ ಮರುದಿನ ಹಂಗಾಮಿನ ಮೊದಲ ಹತ್ತಿ ಬಂಡಿಗಳು ಅಂಗಳದಲ್ಲಿ ಸಾಲುಗಟ್ಟಿದ್ದವು. ಎಂಜಿನ್ ಹೊರಟಿತು, ಸ್ವಲ್ಪ ಹೊತ್ತು ಓಡಿತು, ಕಮಟು ಹೊಗೆಯುಗುಳಿ ನಿಂತಿತು. ಇಮಾಮ ಮಿಸ್ತ್ರಿ ಬಟ್ಟಲಿನೊಳಗೆ ಬೆರಳಾಡಿಸಿ, ಬೆಳ್ಳಗಾದ ಬೆರಳನ್ನು ಎಲ್ಲರಿಗೂ ತೋರಿಸಿದ.

"ಆಯೀ, ಎಂಜಿನ್ನಿಗೆ ಹೊಟ್ಟಿ ಉಬ್ಬರಸ್ಯಾದ್ರಿ. ಏನು ಉಣ್ಸೀರಿ ಇದಕ್ಕ?"

ನೀನು ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ನಮ್ಮ ಮನಿಯವರು ದಿನಾ ತೋರಸ್ತಿದ್ರು, ಇದೇ ಅದರ ಬಾಯಿ, ಇಲ್ಲೇ ಅದು ಉಣ್ಣತದ ಅಂತ. ಹಣೀಗೆ ಹಚ್ಚಿ ಬಾಯಿಗಿ ಹಾಕದಿದ್ರ ಅದ್ಯಾತರ ಪ್ರಸಾದ? ಅದಕ್ಕ ಪಚನ ಆಗಲಿಲ್ಲಂದ್ರ ತಪ್ಪು ನಂದೇನು?"

ಬಂಡಿಯವರೆಲ್ಲ ನಕ್ಕರು. ಸಾಹುಕಾರರು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನೀನು ನಾಲ್ಕು ಮಾತು ತಿರುಗಿ ಹೇಳಿ ಹಗುರವಾಗುತ್ತಿದ್ದೆ. ಮುಂದಿನ ದಸರೆಗೆ ಕರೆ ಬಂದಾಗ ಮೊಣಕಾಲು ನೋವೆಂದು ಹೇಳಿ ಕಳುಹಿಸಿದೆ. ಅದರ ಮುಂದಿನ ವರ್ಷವೂ ಅದೇ ಮೊಣಕಾಲು. ಆ ಮೊಣಕಾಲಿನಲ್ಲಿಯೇ ನೀನು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದುದನ್ನು ನಾನು ನೋಡಿದ್ದೇನೆ.

ಎಂಜಿನ್ ಬಿಚ್ಚಿದ ಆ ಮಧ್ಯಾಹ್ನವೇ ಶಿವರಾಜ, ಅಚ್ಚು ಕೂತು ತಿರುಗುವ ಕಂಚಿನ ಬಳೆಯ ಕೆಟ್ಟುಹೋದ ತುಂಡೊಂದನ್ನು ತೆಗೆದಿಟ್ಟುಕೊಂಡ. ಒಂದು ಬದಿಯಲ್ಲಿ ಅದು ಉಗುರಿನಿಂದ ಪರಚಿದಂತೆ ಗೀರಿತ್ತು. ಇನ್ನೊಂದು ಬದಿ ಕನ್ನಡಿಯಂತೆ ಹೊಳೆಯುತ್ತಿತ್ತು. "ಒಂದೇ ವಿಭೂತಿ, ಒಂದೇ ಅಚ್ಚು. ಇಲ್ಲಿ ಪರಚಿ ಅಲ್ಲಿ ಯಾಕ ಹೊಳಪು ಕೊಟ್ಟದ, ಮುತ್ಯಾ?" ಎಂದು ನನ್ನನ್ನು ಕೇಳಿದ. ವ್ಯಾಕರಣದ ಮಾಸ್ತರನಿಗೆ ಅದರ ಉತ್ತರ ಎಲ್ಲಿಂದ ಬರಬೇಕು? ಆ ತುಂಡನ್ನು ನಿನ್ನ ಹಳೆಯ ಸೀರೆಯ ಚಿಂದಿಯಲ್ಲಿ ಸುತ್ತಿ ಹೈದರಾಬಾದಿಗೆ ಒಯ್ದ. ಅಲ್ಲಿಯ ಗುರುಗಳೂ ತಲೆ ತುರಿಸಿಕೊಂಡರಂತೆ.

ಪದವಿ ಮುಗಿಸಿ ಬಂದವನು ವಿಲಾಯತಿಗೆ ಹೋಗಿ ಯಂತ್ರಶಾಸ್ತ್ರದಲ್ಲಿ ಮಾಸ್ಟರ್ಸ್ ಪದವಿ ಪಡೆಯುವೆನೆಂದಾಗ ನೀನು ಏನೆಂದೆ? "ಮಾಸ್ತರ ಆಗ್ಲಿಕ್ಕಿ ಹಡಗ ಯಾಕ ಹತ್ತಬೇಕೋ? ನಮ್ಮ ತಮ್ಮ ಔರಾದದಾಗೇ ಆಗ್ಯಾನಲ್ಲ." ಅಷ್ಟು ನಗಿಸಿ, ಅವನು ಹೊರಗೆ ಹೋದ ಮೇಲೆ ದನಿ ತಗ್ಗಿಸಿ ನನಗೆ ಹೇಳಿದೆ: "ಅವನಿಗಿ ಹೋಗ್ಲಿಕ್ಕಿ ಬಿಡು. ನಾ ಕೆಡಿಸಿದ್ದು ಅವನರೆ ನೆಟ್ಟಗ ಮಾಡ್ಲಿ." ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅವನು ಅರ್ಜಿ ಹಾಕಿದ. ಸಂದರ್ಶನದ ಕರೆ ಬರುವ ಮೊದಲೇ ನೀನು ಲಿಂಗೈಕ್ಯಳಾದೆ. ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲದ ಕಥೆ.

ಸಂದರ್ಶನದ ದಿನ ನಾನೂ ಅವನ ಜೊತೆಗೆ ಹೈದರಾಬಾದಿಗೆ ಹೋಗಿದ್ದೆ. ಅವನ ಕೋಟಿನ ಗುಂಡಿಗಳನ್ನು ಸರಿಪಡಿಸಿ ಒಳಗೆ ಕಳುಹಿಸಿ, ವರಾಂಡದಲ್ಲಿ ಕುಳಿತೆ. ಯಾಂತ್ರಿಕ ವಿಭಾಗಕ್ಕೆ ಇದ್ದುದು ಒಂದೇ ಸ್ಥಾನ. ಬಂದವರೆಲ್ಲ ದೊಡ್ಡ ಮನೆತನದ ಹುಡುಗರು. ಒಳಗೆ ನಡೆದುದನ್ನು ಅವನು ಆಮೇಲೆ ಹೇಳಿದ. ಎಂಜಿನ್ ನಡೆಸುವುದನ್ನು ಇಲ್ಲಿಯೇ ಕಲಿಸಿದ್ದೇವೆ, ವಿಲಾಯತಿಯಲ್ಲಿ ಇನ್ನೇನು ಕಲಿಯುವುದಿದೆ ಎಂದು ಒಬ್ಬರು ಉರ್ದುವಿನಲ್ಲಿ ಕೇಳಿದರಂತೆ. ಇವನು ಜೇಬಿನಿಂದ ಸೀರೆಯ ಚಿಂದಿಯ ಗಂಟು ತೆಗೆದು, ಆ ಕಂಚಿನ ತುಂಡನ್ನು ಮೇಜಿನ ಮೇಲಿಟ್ಟು, ತನ್ನ ಅಜ್ಜಿ ಎಂಜಿನ್ನಿಗೆ ವಿಭೂತಿ ಉಣಿಸಿದ ಕಥೆಯನ್ನು ಒಂದೂ ಬಿಡದೆ ಹೇಳಿದನಂತೆ. ಆ ನಗು ವರಾಂಡದವರೆಗೂ ಕೇಳಿಸಿತು, ಅಕ್ಕ. ಕೆಲಸ ಕೆಟ್ಟಿತೆಂದು ನಾನು ಎದ್ದು ನಿಂತೆ.

ನಗು ಮುಗಿದ ಮೇಲೆ ಅವನು ಹೇಳಿದ್ದು ಇಷ್ಟು: ಈ ಎಂಜಿನ್ನುಗಳನ್ನು ಮಾಡಿದವರು ಒದ್ದೆ ನಾಡಿನವರು. ನಮ್ಮ ಬೇಸಿಗೆಯ ಗಾಳಿಯಲ್ಲಿ ಹಾರುವ ಕೆಮ್ಮಣ್ಣು, ಒಲೆಯ ಬೂದಿ, ಇವನ್ನು ಅವರ ಯಂತ್ರಗಳು ಎಂದೂ ಉಂಡಿಲ್ಲ. ಯಾವ ಧೂಳು ಪರಚುತ್ತದೆ, ಯಾವುದು ಹೊಳಪು ಕೊಡುತ್ತದೆ ಎಂಬುದನ್ನು ನಾವೇ ಕಂಡುಕೊಳ್ಳಬೇಕು. ಅಧ್ಯಕ್ಷತೆ ವಹಿಸಿದ್ದ ಮುದುಕರು ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರಂತೆ. ಅಜ್ಜಿ ಹೇಗಿದ್ದಾರೆಂದು ಕೇಳಿದರು. ಇಲ್ಲವೆಂದು ತಿಳಿದಾಗ, ಇದ್ದಿದ್ದರೆ ಮೊದಲು ಅವರನ್ನೇ ಕಳುಹಿಸುತ್ತಿದ್ದೆವು, ಈಗ ನೀನೇ ಹೋಗು ಎಂದರಂತೆ.

ವಿಲಾಯತಿಯಿಂದ ಬಂದ ಅವನ ಮೊದಲ ಪತ್ರದಲ್ಲಿಯೇ ಬೇಡಿಕೆ: ನಮ್ಮ ಊರಿನ ವಿಭೂತಿ ಕಳುಹಿಸು, ಮುತ್ಯಾ. ಚಳಿನಾಡಿನಲ್ಲಿಯೂ ಲಿಂಗಪೂಜೆ ಬಿಟ್ಟಿಲ್ಲವೆಂದು ಹಿಗ್ಗಿ, ಗಟ್ಟಿಗಳನ್ನು ಅರಳೆಯಲ್ಲಿ ಸುತ್ತಿ ಕಳುಹಿಸಿದೆ. ಪೂಜೆಗೆ ಒಂದನ್ನು ಇಟ್ಟುಕೊಂಡು ಮಿಕ್ಕವನ್ನೆಲ್ಲ ಅರೆದು, ಜಾಲಿಸಿ, ಎಣ್ಣೆಯಲ್ಲಿ ಬೆರೆಸಿ ಎಂಜಿನ್ನಿಗೆ ಕುಡಿಸಿದನೆಂದು ಆಮೇಲೆ ತಿಳಿಯಿತು. ಅಜ್ಜಿಯಂತೆ ಮೊಮ್ಮಗ! ಆದರೆ ಉತ್ತರ ಸಿಕ್ಕಿತು. ಎಣ್ಣೆಯ ಪದರಕ್ಕಿಂತ ದಪ್ಪವಾದ ಕಣ ಗೀರುತ್ತದೆ, ಅದಕ್ಕಿಂತ ನುಣುಪಾದದ್ದು ಉಜ್ಜಿ ಹೊಳೆಯಿಸುತ್ತದೆ. ನಿನ್ನ ವಿಭೂತಿ ಎಣ್ಣೆಯ ದಾರಿ ಕಟ್ಟಿದ್ದು ನಿಜ. ನಾನು ಅಳಿಸಿ ಬರೆಯಲಾರೆ. ಎಣ್ಣೆಯೊಡನೆ ಬೆರೆತ ಕಡೆಗೆಲ್ಲ ಅದು ಕನ್ನಡಿಯನ್ನು ಮಾಡಿತ್ತೆಂಬುದೂ ಅಷ್ಟೇ ನಿಜ. ಅದನ್ನು ಬರೆದು ಸಿದ್ಧಪಡಿಸಿ ಅವನು ಮಾಸ್ಟರ್ಸ್ ಪದವಿ ಪಡೆದು ಬಂದಿದ್ದಾನೆ. ನಿನ್ನ ಲೆಕ್ಕದಲ್ಲಿ ಈಗ ನಮ್ಮ ಮನೆಯಲ್ಲಿ ಇಬ್ಬರು ಮಾಸ್ತರರು.

ಮೊನ್ನೆ ಖಂಡೆ ಪೂಜೆಯ ಮುಂಜಾನೆ ನಾನು ಜಿನ್ನಿಗೆ ಹೋದಾಗ ಶಿವರಾಜ ಎಂಜಿನ್ನಿನ ಕೆಳಗಿನಿಂದ ಎದ್ದು ಬಂದ, ಮುಖವೆಲ್ಲ ಎಣ್ಣೆ. ಎಣ್ಣೆಯ ಬಟ್ಟಲಿಗೆ ತಿರುಗಿಸಿ ಬಿಗಿಯುವ ಮುಚ್ಚಳ ಕೂಡಿಸಿದ್ದ. ಅದರ ಮೇಲ್ಗಡೆ, ಎಲ್ಲರ ಕಣ್ಣಿಗೆ ಬೀಳುವಂತೆ, ಆ ಹಳೆಯ ಕಂಚಿನ ತುಂಡನ್ನು ಹೊಳಪಿನ ಬದಿ ಹೊರಗೆ ಮಾಡಿ ಜೋಡಿಸಿದ್ದ. "ಇದು ಎಂಜಿನ್ನಿನ ಹಣಿ, ಮುತ್ಯಾ. ಆಯಿ ಬೇಕಾದಷ್ಟು ಹಚ್ಚಲಿ" ಎಂದ. ಹಚ್ಚಲಿ ಎಂದೇ ಅಂದ, ಅಕ್ಕ. ಜೀವನವಿಡೀ ಕಾಲಪ್ರಯೋಗ ತಿದ್ದಿದ ನಾನು ಅದನ್ನು ತಿದ್ದಲಿಲ್ಲ. ಸಾಹುಕಾರರು ವಿಭೂತಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ನಿನ್ನ ಬದಲಿಗೆ ನಾನು ಮೂರು ಬೆರಳು ಎಳೆದೆ. ಇಮಾಮ ಮಿಸ್ತ್ರಿ ಪಕ್ಕದಲ್ಲಿ ನಿಂತು, ಆಯಿ ಇದಕ್ಕಿಂತ ಗಟ್ಟಿಯಾಗಿ ಎಳೀತಿದ್ದರು ಎಂದು ತಪ್ಪು ತೋರಿಸಿದ. ಮತ್ತೊಮ್ಮೆ ಎಳೆದೆ.

ನಿನ್ನೆ ಬನ್ನಿ ಮುಡಿದೆವು. ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಬೇಕಾದ ಹಿರಿಯರು ನನಗೆ ನೀನೊಬ್ಬಳೇ ಇದ್ದೆ. ಆದ್ದರಿಂದ ನಿನ್ನ ಪಾಲಿನ ಎಲೆಯನ್ನು ಈ ಕಾಗದದೊಳಗೆ ಇಡುತ್ತಿದ್ದೇನೆ. ನಿನ್ನ ಪಡಸಾಲೆಯಲ್ಲಿಯೇ ಕುಳಿತು ಬರೆಯುತ್ತಿದ್ದೇನೆ. ಮುಂಜಾನೆ ಮೊದಲ ಬಂಡಿ ಒಳಗೆ ಹೋಗುತ್ತಲೇ ಎಂಜಿನ್ ಹೊರಟಿತು. ಈಗ ಬಿಸಿಲು ಅಂಗಳ ದಾಟಿದೆ. ಇನ್ನೂ ಓಡುತ್ತಿದೆ, ಅಕ್ಕ. ಕೇಳಿಸುತ್ತಿದೆಯೆ?