ರಾಯರು ಕಟ್ಟಿದ ಬಕೆಟ್ಟು

ಶನಿವಾರ, ಜೂನ್ ೧೪

ತೆಂಗು ಕೊರೆಯುವ ಕೆಂಪು ಮೂತಿ ಹುಳುವಿಗೆಂದು ಮೋಹಕ ಬಲೆಯ ಬಕೆಟ್ಟನ್ನು ಮರಗಳಿಂದ ದೂರ, ಕಾಂಪೌಂಡಿನ ಮೂಲೆಯಲ್ಲಿ ಕಟ್ಟಿಸಿದ್ದೆ. ಮೂರು ತಿಂಗಳು ಮಗಳ ಮನೆಯಲ್ಲಿದ್ದು ಬಂದು ನೋಡಿದರೆ, ಅದು ಮರಕ್ಕೇ ನೇತಾಡುತ್ತಿದೆ! ಮಹಡಿಯ ರಘುರಾಮ ರಾಯರ ಕೆಲಸ.

“ಹುಳ ಬರೋದು ಮರಕ್ಕೆ ತಾನೇ, ತುಂಗಾ?”

“ಬಕೆಟ್ಟಿನ ವಾಸನೆ ಹುಳಗಳನ್ನ ಕರೆಯುತ್ತೆ ರಾಯರೇ! ಬೆಸೆಂಟ್ ನಗರದ ಹುಳಗಳನ್ನೆಲ್ಲ ನೀವೇ ಕರೆಸಿದ್ದೀರಿ!”

ಮರ ಹತ್ತಿದ ಮುರುಗನ್ ಕೊಳೆತ ಸುಳಿಯನ್ನು ಕೈಯಲ್ಲೇ ಕಿತ್ತು ತಂದ. “ಪಿಳೈಕ್ಕಾದಮ್ಮಾ” ಎಂದ; ಮರ ಬದುಕುವುದಿಲ್ಲವಂತೆ. ಕಡಿಸಲೇಬೇಕು.

ರಾಯರು ಮುಖ ಸಣ್ಣದು ಮಾಡಿಕೊಂಡು ಹೋದರು. ಪಾಪ, ಅಷ್ಟು ಕೂಗಬಾರದಿತ್ತು ಅನ್ನಿಸಿತು.

ಸಂಜೆ ಕೆಳಗಿಳಿದರೆ, ಬಕೆಟ್ಟು ಉಳಿದಿರುವ ಇನ್ನೊಂದು ಮರದಲ್ಲಿ!

“ಇದಕ್ಕಾದರೂ ಕಾವಲಿರಲಿ ಅಂತ ಕಟ್ಟಿದೆನಮ್ಮ.”

ಹುಳುವಿಗಾದರೆ ಬಲೆಯಿದೆ. ಈ ಒಳ್ಳೆಯ ಮನುಷ್ಯನಿಗೆ ನಾನು ಏನು ಕಟ್ಟಲಿ?