ಲೆನ್ಸ್ ಬೇಡ, ಮೈಕ್ ತಾ

ಸಿನಾನ್,

ಉಮ್ಮನನ್ನು ರಕ್ತ ಪರೀಕ್ಷೆಗೆ ಮೂಡುಬಿದಿರೆಗೆ ಕರೆದುಕೊಂಡು ಹೋಗ್ತಿದ್ದೇನೆ. ಗಂಜಿ ಮುಚ್ಚಿಟ್ಟಿದ್ದೇನೆ. ಉಂಡು, ಇದನ್ನು ಓದಿ, ಆಮೇಲೆ ಮಂಗಳೂರಿನ ಬಸ್ಸು ಹತ್ತು.

ಆ ಹೊಸ ಲೆನ್ಸ್ ತರಬೇಡ ಮಾರಾಯ. ಹಿಂದಿನದ್ದೆಲ್ಲ ಮಸುಕಾಗಿ ಚಂದ ಬರ್ತದೆ ಅಂತ ನೀನು ಹೇಳುವುದು ಸರಿಯೇ. ಆದರೆ ಉಮ್ಮ ಮುಖ ತೋರಿಸಲು ಒಪ್ಪಿಲ್ಲ, ಕೈ ಮತ್ತು ಬೈತ್ ಹಾಡುಗಳ ಕಿತಾಬು ಮಾತ್ರ. ಅದಕ್ಕೆ ನಿನ್ನ ಹಳೆಯ ಐವತ್ತು ಎಂಎಮ್ಮಿನ ಲೆನ್ಸೇ ಸಾಕು. ಬಟ್ಟೆಗೆ ಸಿಕ್ಕಿಸುವ ವಯರಿನ ಮೈಕ್ ತಾ. ಅಂಗಡಿಯಲ್ಲೇ ಇಯರ್‌ಫೋನ್ ಹಾಕಿ ಕೇಳಿ ನೋಡು. ಟ್ರೈಪಾಡ್ ಸೆಕೆಂಡ್ ಹ್ಯಾಂಡ್ ಆದರೂ ಆದೀತು, ಅಲುಗಬಾರದು ಅಷ್ಟೆ.

ತಂಗಿ ಹಫ್ಸಳ ಮದರಂಗಿಯ ದಿನ ನೀನು ತೆಗೆದ ವಿಡಿಯೋ ನಿನ್ನೆ ಪುನಃ ನೋಡಿದೆ. ಉಮ್ಮ ಬೈತ್ ಹಾಡುವಾಗ ಕೇಳುವುದು ಬರೀ ಫ್ಯಾನಿನ ಸದ್ದು, ಲೆನ್ಸ್ ಫೋಕಸ್ ಹುಡುಕುವ ಕರಕರ. ಅವತ್ತು ಅವರ ಗಂಟಲು ಸರಿ ಇತ್ತು.

ಸೋಮವಾರ ಆಪರೇಶನ್. ಆಮೇಲೆ ಸ್ವರ ಮರಳುವುದು ಕಷ್ಟ ಅಂತ ಡಾಕ್ಟರ್ ಹೇಳಿದ್ದನ್ನು ನೀನೂ ಕೇಳಿದ್ದಿ. ನಾನು ದುಆ ಮಾಡ್ತಾ ಇದ್ದೇನೆ, ಆದರೂ ನಾಳೆ ಸಂಜೆ ಅಸರ್ ನಮಾಝ್ ಆದ ಕೂಡಲೇ ಉಮ್ಮನ ಬೈತ್ ರೆಕಾರ್ಡ್ ಮಾಡಲು ಕೂರುವ. ಫ್ಯಾನ್, ಫ್ರಿಡ್ಜ್ ಎರಡನ್ನೂ ಬಂದ್ ಮಾಡುವ. ಫೋಕಸ್ ಕೈಯಲ್ಲೇ ತಿರುಗಿಸು.

ನಡುವೆ ಸ್ವರ ಒಡೆದರೆ ಒಡೆಯಲಿ. ಕ್ಯಾಮರಾ ನಿಲ್ಲಿಸಬೇಡ. "ಇನ್ನೊಮ್ಮೆ ಹೇಳಿ ಉಮ್ಮ" ಅಂತ ಮಾತ್ರ ಕೇಳಬೇಡ. ಮಗ ನೀನು ಕೇಳಿದರೆ ಅವರು ಇಲ್ಲ ಅನ್ನುವುದಿಲ್ಲ, ಎಷ್ಟು ನೋವಾದರೂ ಹೇಳ್ತಾರೆ.

ನಿನ್ನ ಅಕ್ಕ ಜಸೀಲಾ