ಮೇಷ್ಟ್ರ ಅಂಗಿ ಮೇಲಿನ ಸಂಖ್ಯೆ

ಮಾರ್ಚ್ 3, ಸಂಜೆ

ಇವತ್ತೂ ಕಲ್ಲು ಒಡೆದದ್ದೇ. ಅಂಗೈ ತುಂಬ ಬೊಬ್ಬೆ. ಜೈಲು ಆಫೀಸಲ್ಲಿ ರಿಜಿಸ್ಟರ್ ಬರೆಯೋ ಕುರ್ಚಿ ಖಾಲಿ ಇದೆ. ಲೆಕ್ಕ ಬಲ್ಲೋನು ಬೇಕಂತೆ. ಈ ಬ್ಯಾರಕ್‌ನಲ್ಲಿ ಲೆಕ್ಕ ಬಲ್ಲೋರು ಇಬ್ಬರೇ: ನಾನು, ಮೇಷ್ಟ್ರು. ಆರಿಸೋದು ಬ್ಯಾರಕ್ ಆಳೋ ಕೈದಿ, ದಾದಾ ಗೂಳಿ; ಜೈಲರ್ ಅವನ ಮಾತೇ ಕೇಳೋದು.

ಮೇಷ್ಟ್ರ ಅಂಗಿ ಮೇಲಿನ ಕೈದಿ ನಂಬರ್ 1022117. ಪ್ರೈಮ್, ಯಾವುದರಿಂದಲೂ ಭಾಗ ಹೋಗಲ್ಲ ಅಂದೆ. ಹೋಗುತ್ತೆ ಅಂದ್ರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಗೂಳಿ ನಕ್ಕ. "ನಾಳೆ ಮಧ್ಯಾಹ್ನ ತೀರ್ಮಾನ. ಗೆದ್ದೋನಿಗೆ ಕುರ್ಚಿ. ತಪ್ಪಿದೋನ ಬಲಗೈ ಬಾಗಿಲ ಸಂದಿಗೆ."

ಮಾರ್ಚ್ 4

ಸಾವಿರದೊಳಗಿನ ಪ್ರೈಮ್ 168. ಎಲ್ಲದರಿಂದಲೂ ಭಾಗಿಸಿದೆ. ಒಂದೂ ಹೋಗಲಿಲ್ಲ. ಗೂಳಿಗೆ ಹಾಳೆ ತೋರಿಸಿದೆ.

ಮೇಷ್ಟ್ರು ನೋಡಿ ನಕ್ಕುಬಿಟ್ಟರು. "ಅಯ್ಯೋ ಪೆದ್ದೇ, ಇಲ್ಲಿಗೇ ನಿಲ್ಲಿಸಿದ್ಯಾ..." ಅಷ್ಟರಲ್ಲಿ ಗೂಳಿ ಅವರ ಬಾಯಿಗೆ ಗುದ್ದಿದ. ತನ್ನನ್ನೇ ನೋಡಿ ನಕ್ಕರು ಅನ್ಕೊಂಡ. ಎರಡು ಹಲ್ಲು ನೆಲಕ್ಕೆ. ಮೇಷ್ಟ್ರ ಬಲಗೈ ಹಿಡಿದು ಸಂದಿಗಿಟ್ಟ. "ಬಾಗಿಲು ಎಳಿಯೋ" ಅಂದ ನಂಗೆ.

ಎಳೆದೆ. ಕಬ್ಬಿಣದ ಬಾಗಿಲು. ಲಟಕ್ ಅಂತು. ಆ ಕ್ಷಣ ಖುಷಿ ಆಯ್ತು. ಸುಳ್ಳ್ಯಾಕೆ ಬರೀಲಿ.

ಮಾರ್ಚ್ 10, ಬೆಳಗ್ಗೆ

ಆಫೀಸು. ಫ್ಯಾನು, ಕುರ್ಚಿ. ಸುಮ್ನೆ ಗೀಚ್ತಿದ್ದೆ. 1011ರ ವರ್ಗ 1022121. ಮೇಷ್ಟ್ರ ನಂಬರಿಗಿಂತ ನಾಲ್ಕೇ ಹೆಚ್ಚು. ನಾಲ್ಕು ಅಂದ್ರೆ ಎರಡರ ವರ್ಗ. ಅಂದ್ರೆ 1011ರಿಂದ ಎರಡು ಕಳೆ, ಎರಡು ಕೂಡಿಸು, ಗುಣಿಸು...

1009 × 1013. ಸಾವಿರ ದಾಟಿದ ಮೊದಲನೇ ಪ್ರೈಮೇ 1009! ದುಂಡಗಿದೆ ಅಂತ ಸಾವಿರಕ್ಕೇ ನಿಲ್ಲಿಸಿದೆ. ಇನ್ನೊಂದೇ ಒಂದು ಭಾಗಿಸಿದ್ರೆ ಸಾಕಿತ್ತು. ಥೂ, ನನ್ ಜನ್ಮಕ್ಕೆ.

ಮಧ್ಯಾಹ್ನ

ಊಟಕ್ಕೆ ಬ್ಯಾರಕ್‌ಗೆ ಬಂದೆ. ಬಾಗಿಲ ಹತ್ರ ಗೂಳಿ, ಮೇಷ್ಟ್ರ ಎಡಗೈ ಹಿಡಿದಿದಾನೆ. "ಪ್ರೈಮ್ ಅಂತ ಒಪ್ಕೋ, ಬಿಟ್ಬಿಡ್ತೀನಿ." ಎರಡು ಹಲ್ಲಿಲ್ಲದ ಬಾಯಲ್ಲಿ ಮೇಷ್ಟ್ರದು ಅದೇ ಮಾತು: "ಭಾಗ ಹೋಗುತ್ತೆ."

ಬಾಯಿ ಮುಚ್ಕೊಂಡಿರಬಹುದಿತ್ತು. ಯಾರಿಗೆ ಗೊತ್ತಾಗ್ತಿತ್ತು? ಕೂಗಿಬಿಟ್ಟೆ. "ಬಿಡಣ್ಣ ಅವರನ್ನ! ತಪ್ಪಿದ್ದು ನಾನು."

ಗೂಳಿ ಮೇಷ್ಟ್ರ ಕೈ ಬಿಟ್ಟ. ನನ್ನ ಕಡೆ ಬಂದ. "ಯಾವುದರಿಂದ ಭಾಗ ಹೋಗುತ್ತೆ? ಬರೆದು ತೋರ್ಸು. ಆಮೇಲೆ ನಿನ್ ಬಲಗೈಲಿ ಬರೆಯೋಕಾಗಲ್ಲ." ಈ ಡೈರಿಯಲ್ಲೇ ಬರೀತಿದೀನಿ, ಗೂಳಿ ಬಾಗಿಲು ತೆರೆದು ನನ್ನ ಕೈಗೆ ಕಾಯ್ತಿದಾನೆ. ಮೇಷ್ಟ್ರು ಪಕ್ಕದಲ್ಲೇ ನಿಂತು ಹಾಳೆ ನೋಡ್ತಿದಾರೆ. ಬೇಗ ಬರಿ ಅಂತಿದಾರೆ.

1022117 = 1009 × 10